ತೂಕಕ್ಕೆ ತಕ್ಕ ಪ್ರಶ್ನೆ

ನಮ್ಮ ಕಾಲದಲ್ಲಿ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಜಾಣನಿಗೂ ಅದೇ, ದಡ್ಡನಿಗೂ ಅದೇ. ಈಗ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಪ್ರಶ್ನೆ ಆರಿಸಿ ಕೊಡುವ ಗಣಕಯಂತ್ರದ ಪರೀಕ್ಷೆಗಳಿವೆ. ಅಮೆರಿಕದ ಜಿಆರ್‌ಇ 1993ರಲ್ಲಿ, ಜಿಮ್ಯಾಟ್ 1997ರಲ್ಲಿ ಈ ದಾರಿ ಹಿಡಿದವು.

ಮುಂಬ್ರಾದ ನಮ್ಮ ಕಟ್ಟಡದ ಇಬ್ಬರು ಮಕ್ಕಳು ಜಿಮ್ಯಾಟಿನ ಅಭ್ಯಾಸ ಪರೀಕ್ಷೆಗೆ ಕೂತರು. ಸರಿಯುತ್ತರಗಳ ಎಣಿಕೆ ಇಬ್ಬರದೂ ಒಂದೇ. ಅಂಕ ಮಾತ್ರ ಬೇರೆ. ಕಡಿಮೆ ಅಂಕ ಬಂದ ಹುಡುಗನ ತಂದೆ ಪ್ರಾವಿಡೆಂಟ್ ಫಂಡಿನಿಂದ ಹಣ ತೆಗೆದು ತರಬೇತಿಗೆ ಕಟ್ಟಿದವರು. "ಮಾಸ್ಟ್ರೇ, ಇದೆಂಥ ನ್ಯಾಯ?" ಎಂದು ಕೇಳಿದರು.

ಅವರಿಗೆ ಕಿರಾಣಿ ಅಂಗಡಿಯ ತಕ್ಕಡಿಯನ್ನು ನೆನಪಿಸಿದೆ. ಒಣಮೆಣಸಿನ ಪೊಟ್ಟಣದ ಎದುರು ಐದು ಕಿಲೋ ಕಲ್ಲಿಟ್ಟರೆ ತಿಳಿಯುವುದೇನು? ಅರ್ಧ ಕಿಲೋ ಇಟ್ಟು ನೋಡಿ, ತಕ್ಕಡಿ ವಾಲಿದ ಕಡೆ ಗಮನಿಸಿ ದೊಡ್ಡ ಕಲ್ಲನ್ನೋ ಚಿಕ್ಕದನ್ನೋ ಎತ್ತಿಕೊಳ್ಳಬೇಕು. ಯಂತ್ರದ ರೀತಿಯೂ ಅದೇ. ಪ್ರತಿ ಪ್ರಶ್ನೆಯ ತೂಕವನ್ನು ಅನೇಕ ಅಭ್ಯರ್ಥಿಗಳಿಗೆ ಕೊಟ್ಟು ಮೊದಲೇ ಗೊತ್ತುಮಾಡಿರುತ್ತಾರೆ. ಉತ್ತರ ಸರಿಯಾದರೆ ಮುಂದಿನದು ಭಾರದ ಪ್ರಶ್ನೆ, ತಪ್ಪಾದರೆ ಹಗುರದ್ದು. ಬಂದೀತೋ ಬಾರದೋ ಎಂಬಂತಿರುವ ಪ್ರಶ್ನೆಯೇ ಹುಡುಗನ ಅಳವನ್ನು ಹೆಚ್ಚು ತಿಳಿಸುತ್ತದೆ. ಎಣಿಕೆ ಸಮವಾದರೂ ಎತ್ತಿದ ಭಾರ ಸಮವಲ್ಲ.

ಹಾಗೆಂದು ಯಾವಾಗಲೂ ಅತ್ಯುತ್ತಮ ಪ್ರಶ್ನೆಯನ್ನೇ ಕೊಡುವಂತಿಲ್ಲ. ಅದು ಬೇಗ ಬಯಲಾಗುತ್ತದೆ. 1994ರಲ್ಲಿ ಅಮೆರಿಕದ ತರಬೇತಿ ಸಂಸ್ಥೆಯೊಂದು ತನ್ನ ಜನರನ್ನೇ ಜಿಆರ್‌ಇಗೆ ಕೂರಿಸಿ, ಪ್ರಶ್ನೆಗಳನ್ನು ನೆನಪಿಟ್ಟು ತರಬಹುದೆಂದು ತೋರಿಸಿಕೊಟ್ಟಿತು. ಆದ್ದರಿಂದ ದೊಡ್ಡ ಪ್ರಶ್ನೆಭಂಡಾರ ಬೇಕು. ಒಂದೇ ಪ್ರಶ್ನೆ ಪದೇ ಪದೇ ಬಾರದಂತೆ, ಪಾಠದ ಯಾವ ಭಾಗವೂ ಬಿಟ್ಟುಹೋಗದಂತೆ ಕಟ್ಟುಪಾಡೂ ಬೇಕು.

ಯಂತ್ರ ಹೊಸದಾದರೂ ಉಪಾಯ ಹಳೆಯದು. 1905ರಲ್ಲಿ ಪ್ಯಾರಿಸಿನ ಬಿನೆ ಮತ್ತು ಸಿಮೋನ್ ಸುಲಭದಿಂದ ಕಷ್ಟಕ್ಕೆ ಏರುವ ಮೂವತ್ತು ಪ್ರಶ್ನೆಗಳನ್ನು ಸಿದ್ಧಪಡಿಸಿ, ಮಗುವನ್ನು ಎದುರು ಕೂರಿಸಿಕೊಂಡು ಕೇಳುವ ಕ್ರಮ ತಂದರು.

ನಮ್ಮ ಭಾನುವಾರದ ಕನ್ನಡ ತರಗತಿಗೆ ಇಷ್ಟು ಸಾಕು. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಮರಾಠಿ. ಹತ್ತು ವರ್ಷದ ಒಬ್ಬಳು ಕಥೆ ಓದುತ್ತಾಳೆ; ಅದೇ ವಯಸ್ಸಿನ ಇನ್ನೊಬ್ಬನಿಗೆ ಒತ್ತಕ್ಷರವೇ ಬಾರದು. ಇಬ್ಬರಿಗೂ ಒಂದೇ ಪತ್ರಿಕೆ ಕೊಟ್ಟರೆ ಅವಳಿಗೆ ಬೇಸರ, ಇವನಿಗೆ ಅವಮಾನ. ಮೊದಲ ಪ್ರಶ್ನೆಯಲ್ಲೇ ಸೋತ ಮಗು ಮುಂದಿನ ಭಾನುವಾರ ಬರುವುದಿಲ್ಲ. ಹೊರನಾಡಿನಲ್ಲಿ ಹೀಗೆ ಒಂದು ಮಗು ತಪ್ಪಿಹೋದರೆ ಒಂದು ಮನೆಯ ಕನ್ನಡವೇ ತಪ್ಪಿಹೋದಂತೆ. ತಾಯ್ತಂದೆಯರೂ ಮನೆಯಲ್ಲಿ ಮಕ್ಕಳ ಕನ್ನಡ ಪರೀಕ್ಷಿಸುವಾಗ, ಅವರು ನಿಂತ ಮೆಟ್ಟಿಲನ್ನು ನೋಡಿ ಅದರ ಮೇಲಿನ ಒಂದೇ ಮೆಟ್ಟಿಲಿನ ಪ್ರಶ್ನೆ ಕೇಳಲಿ.