ಮಳೆ ಪುಸ್ತಕ

"ಏನೋ, ನಿಮ್ಮಲ್ಲಿ ಇನ್ನೂ ಸ್ನೋ ಬೀಳ್ತಿದೆಯಾ?"

ನಮ್ಮ ಭಾನುವಾರದ ಹರಟೆ ಶುರುವಾಗುವುದೇ ಹೀಗೆ. ಎಂ.ಬಿ.ಬಿ.ಎಸ್. ಓದುವಾಗ ಮೈಸೂರಿನ ಒಂದೇ ಹಾಸ್ಟೆಲಿನಲ್ಲಿದ್ದ ನಾಲ್ವರು ಈಗ ನಾಲ್ಕು ದಿಕ್ಕು. ನಾನು ಮಿಷಿಗನ್‌ನಲ್ಲಿ, ಒಬ್ಬ ದುಬೈಯಲ್ಲಿ, ಒಬ್ಬ ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ನಾಲ್ಕನೆಯವನು ಮೈಸೂರು ಬಿಟ್ಟು ಕದಲಿಲ್ಲ. ವಾರವೆಲ್ಲ ಬಿ.ಪಿ., ಶುಗರ್ ಎನ್ನುವ ನಮಗೆ ಕಾಫಿ ಹಿಡಿದು ಕಂಪ್ಯೂಟರ್ ಮುಂದೆ ಕೂತು ಹವಾಮಾನ ಮಾತಾಡುವುದೇ ಔಷಧಿ. "ಕಿಟಕಿಯಲ್ಲಿ ಇಣುಕಿದರೆ ತಿಳಿಯುವುದಕ್ಕೆ ಒಂದು ಗಂಟೆ ಮಾತೇ?" ಎನ್ನುವುದು ನನ್ನ ಶ್ರೀಮತಿಯ ಪ್ರಶ್ನೆ.

ಕಳೆದ ತಿಂಗಳು ಡ್ರೆಸ್ಡೆನ್‌ನವನು, "ಇಲ್ಲಿನ ಲೈಬ್ರರಿಯಲ್ಲಿ ಮಾಯಾ ಜನರ ಪಂಚಾಂಗ ನೋಡಿಬಂದೆ ಕಣ್ರೋ" ಎಂದ. ಅತ್ತಿಯ ಜಾತಿಯ ಮರದ ತೊಗಟೆಯನ್ನು ಬಡಿದು, ಸುಣ್ಣ ಬಳಿದು, ಮಡಿಸಿದ ಪುಸ್ತಕ. ಬಿಡಿಸಿದರೆ ಮೂರೂವರೆ ಮೀಟರ್, 78 ಪುಟ. ಶುಕ್ರನ 584 ದಿನಗಳ ಲೆಕ್ಕ, ಗ್ರಹಣದ ಕೋಷ್ಟಕ, ಎಷ್ಟೋ ಪುಟಗಳಲ್ಲಿ ಮಳೆದೇವರು ಚಾಕ್. 1739ರಲ್ಲಿ ವಿಯೆನ್ನಾದಲ್ಲಿ ಕೊಂಡು ತಂದದ್ದಂತೆ. 1945ರ ಬಾಂಬ್ ದಾಳಿಯ ಕಾಲದಲ್ಲಿ ನೀರು ನುಗ್ಗಿ ಕೆಲವು ಪುಟ ಹಾಳಾಗಿವೆ.

"ಮಳೆ ದೇವರ ಪುಸ್ತಕಕ್ಕೇ ನೀರು!" ಎಂದು ದುಬೈಯವನು ನಕ್ಕ.

"ಇಂಥವು ಎಷ್ಟಿವೆ?" ಎಂದೆ.

"ಇಡೀ ಪ್ರಪಂಚದಲ್ಲಿ ನಾಲ್ಕು. 1562ರಲ್ಲಿ ಯುಕಟಾನ್‌ನ ಮನಿ ಎಂಬ ಊರಿನಲ್ಲಿ ಡಿಯೆಗೊ ದೆ ಲಾಂಡಾ ಎಂಬ ಪಾದ್ರಿ ಸಿಕ್ಕಿದ್ದನ್ನೆಲ್ಲ ಸುಟ್ಟ."

"ಎಂಥ ಮನುಷ್ಯನಪ್ಪ!" ಎಂದ ಮೈಸೂರಿನವನು. ನಾನು ಸುಮ್ಮನಾದೆ.

ನಮ್ಮ ತಂದೆ ಕೊಪ್ಪದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿದ್ದವರು. ಅಂಗಳದಲ್ಲೊಂದು ಮಳೆ ಮಾಪಕ. ದಿನಾ ಬೆಳಿಗ್ಗೆ ಅಳೆದು, ಇಂಚು, ಸೆಂಟುಗಳ ಲೆಕ್ಕವನ್ನು ಕನ್ನಡ ಅಂಕಿಯಲ್ಲಿ ಬರೆಯುತ್ತಿದ್ದರು. ಪಕ್ಕದಲ್ಲಿ ಒಂದು ಸಾಲು: ಆರಿದ್ರ ಹಿಡಿಯಿತು, ಸಂಕ ಕೊಚ್ಚಿಹೋಯಿತು, ಗೌರಿ ಕರು ಹಾಕಿತು. ಹೀಗೆ 31 ವರ್ಷ. ಅವರು ತೀರಿಕೊಂಡ ಮೇಲೆ 2004ರಲ್ಲಿ ಮನೆ ಮಾರಲು ಹತ್ತು ದಿನದ ರಜೆಯಲ್ಲಿ ಹೋಗಿದ್ದೆ. ಗೆದ್ದಲು ಹಿಡಿದ ಆ ನೋಟ್‌ಬುಕ್ಕುಗಳನ್ನು ಯಾರು ಓದುತ್ತಾರೆ ಎಂದುಕೊಂಡು ಬಚ್ಚಲೊಲೆಗೆ ಹಾಕಿದವನು ನಾನೇ. ಆ ನೀರಿನಲ್ಲೇ ಸ್ನಾನವನ್ನೂ ಮಾಡಿದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಅವತ್ತು ಗೆಳೆಯರಿಗೆ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಡ್ರೆಸ್ಡೆನ್‌ನವನು ಮೆಲ್ಲಗೆ ಹೇಳಿದ: "ಪೂರ್ತಿ ಕೇಳೋ. ಅದೇ ಲಾಂಡಾ ಆಮೇಲೆ ಮಾಯಾ ಜನರ ಬಗ್ಗೆ ಬರೆದ. ಅವರ ಅಕ್ಷರಗಳನ್ನೂ ತಿಳಿದಷ್ಟು ಗುರುತು ಹಾಕಿಟ್ಟ. ಅದರಲ್ಲಿ ತಪ್ಪುಗಳಿದ್ದವು. ಆದರೂ 1952ರಲ್ಲಿ ರಷ್ಯಾದ ಯೂರಿ ಕ್ನೊರೊಜೊವ್ ಆ ಲಿಪಿಯ ಗುಟ್ಟು ಬಿಡಿಸಿದ್ದು ಅದನ್ನೇ ಹಿಡಿದು. ನೆನಪಿದ್ದಷ್ಟು ನೀನೂ ಬರಿ."

ಅಂದಿನಿಂದ ಬರೆಯುತ್ತಿದ್ದೇನೆ. ಇಂಚು, ಸೆಂಟು ನೆನಪಿಲ್ಲ. ಸಂಕ ಕೊಚ್ಚಿಹೋದ ವರ್ಷ, ಗೌರಿ ಕರು ಹಾಕಿದ ರಾತ್ರಿ ನೆನಪಿವೆ. ಇಲ್ಲೇ ಹುಟ್ಟಿದ ಮಗಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಹಾಗಾಗಿ ಬರೆದದ್ದನ್ನು ಭಾನುವಾರ ಸಂಜೆ ಅವಳಿಗೆ ಓದಿ ಹೇಳುತ್ತೇನೆ. ಮೊನ್ನೆ ಅವಳೇ ಕೇಳಿದಳು, "ಅಪ್ಪಾ, ಕನ್ನಡ ಒಂದು, ಎರಡು ಹೇಗೆ ಬರೆಯೋದು?"

ಈ ಯುಗಾದಿಗೆ ನಮ್ಮ ಸಂಘದಲ್ಲಿ ಪಂಚಾಂಗ ಶ್ರವಣ ಇದೆಯಂತೆ. ಮಳೆ ಎಷ್ಟೆಂದು ಕೇಳಲು ಅವಳನ್ನೂ ಕರೆತರುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ನೋಟ್‌ಬುಕ್ಕಿದ್ದರೆ, ದಯವಿಟ್ಟು ಒಲೆಗೆ ಹಾಕಬೇಡಿ. ಎಲ್ಲರಿಗೂ ಹೊಸ ವರ್ಷದ ಶುಭಾಶಯಗಳು.