ಸಾಲವೂ ಸಂಕೋಚವೂ

ಕಾಯಕ ಕಳೆದುಕೊಂಡವನಿಗೆ ಸಾಲಕ್ಕಿಂತ ಸಂಕೋಚವೇ ಹೆಚ್ಚು ಭಾರ. 2020ರ ಕೊರೋನಾ ಕಾಲದಲ್ಲಿ ನನ್ನ ನೌಕರಿ ಹೋದಾಗ ಮಂಗಳೂರಿನ ಕಾವೂರಿನಲ್ಲಿರುವ ನಮ್ಮ ಮನೆಯ ಸಾಲ ಇನ್ನೂ ಹನ್ನೊಂದು ವರ್ಷ ಉಳಿದಿತ್ತು. ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶವಿತ್ತಿತ್ತು. ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಆಗಸ್ಟ್ 6ರಂದು, ಸಾಲದ ಅವಧಿಯನ್ನು ಎರಡು ವರ್ಷಗಳವರೆಗೆ ವಿಸ್ತರಿಸಲು ಬ್ಯಾಂಕುಗಳಿಗೆ ಅನುಮತಿ ನೀಡಿತು.

ನಾನು ಹಿಂಜರಿದಾಗ ಮನೆಯಾಕೆ, “ತೀರಿಸುವುದಿಲ್ಲ ಎನ್ನುತ್ತಿಲ್ಲವಲ್ಲ, ಕಾಲಾವಕಾಶ ಕೇಳುತ್ತಿದ್ದೇವೆ” ಎಂದಳು. ಕೆಲಸ ಹೋದ ಪತ್ರ, ವೇತನ ಚೀಟಿಗಳನ್ನು ಲಗತ್ತಿಸಿ ಅರ್ಜಿ ಸಲ್ಲಿಸಿದೆ. ಅವಧಿ ಬೆಳೆಯಿತು, ಕಂತು ಇಳಿಯಿತು, ಒಟ್ಟು ಬಡ್ಡಿ ಏರಿತು, ಮನೆ ಉಳಿಯಿತು.

ಆ ಯೋಜನೆ ಇಂದಿಲ್ಲ. ಆದರೂ ಶರಣಬಂಧುಗಳೇ, ಬಾಕಿ 90 ದಿನ ಮೀರಿದರೆ ಸಾಲವು ಅನುತ್ಪಾದಕವೆನಿಸುತ್ತದೆ. ಬಳಿಕ 2002ರ ಕಾಯಿದೆಯಂತೆ 60 ದಿನಗಳ ನೋಟೀಸು ಬರಬಹುದು. ಆದುದರಿಂದ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಸ್ಥಿತಿಯನ್ನು ತಿಳಿಸಿರಿ. ಋಣ ತೀರಿಸುವ ಮನಸ್ಸುಳ್ಳವನು ಕಾಲಾವಕಾಶ ಕೇಳುವುದರಲ್ಲಿ ದೈನ್ಯವೇನಿದೆ?