ಲುಕ್ಕಾದಿಂದ ಸಿಯೆನಾಕ್ಕೆ: ಹೊರಡುವ ಮುಂಚಿನ ಪುಟಗಳು

ಜನವರಿ 11, 2026, ಭಾನುವಾರ

ನನ್ನ ಮತ್ತು ಅತ್ತಿಗೆಯ ಇಟಲಿ ಪ್ರವಾಸಕ್ಕೆಂದು ಮ್ಯೂನಿಕ್‌ನಿಂದ ಅಣ್ಣನ ಮಗನ ಪಟ್ಟಿ ಬಂತು. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್. ನಡುವೆ ಎಲ್ಲೋ ಒಂದು ದಿನ ‘ಹೈಕಿಂಗ್’. ಅವನ ಲೆಕ್ಕದಲ್ಲಿ ನಡಿಗೆ ಎಂದರೆ ಊಟದ ಮೇಲಿನ ಎಲೆಯಡಿಕೆ.

ಪಿಯುಸಿ ಮಕ್ಕಳಿಗೆ ಮಧ್ಯಯುಗದ ಯುರೋಪನ್ನು ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿಯೇ ನನ್ನ ನೌಕರಿ ಮುಗಿಯಿತು. ಅದರ ಒಂದು ಚೂರನ್ನಾದರೂ ಕಾಲಲ್ಲಿ ನಡೆದು ನೋಡುವ ಆಸೆ. ಫೋನ್ ಮಾಡಿ ಹೇಳಿದೆ: “ಐದು ಊರು ಬೇಡ ಕಣೋ, ಒಂದು ದಾರಿ ಸಾಕು. ವಿಯಾ ಫ್ರಾನ್ಸಿಜೆನಾ.”

“ಅದ್ಯಾವುದು ಅತ್ತೆ?” ಅಂದ. ಅಲ್ಲೇ ಇದ್ದುಕೊಂಡು!

990ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ತನ್ನ ಪದವಿಯ ಗುರುತಾದ ಪ್ಯಾಲಿಯಂ ಎಂಬ ಉಣ್ಣೆಯ ಪಟ್ಟಿಯನ್ನು ಪೋಪರ ಕೈಯಿಂದ ಪಡೆಯಲು ರೋಮಿಗೆ ಹೋಗಿದ್ದ. ವಾಪಸು ಬರುವಾಗ ತಂಗಿದ ಜಾಗಗಳ ಹೆಸರುಗಳು ಬರಹದಲ್ಲಿ ಉಳಿದಿವೆ: 79 ತಂಗುದಾಣ. ಮಳೆ ಬಂತೇ, ಏನು ತಿಂದರು, ಯಾವ ಛತ್ರದವನು ಮೋಸ ಮಾಡಿದ, ಒಂದಕ್ಷರವಿಲ್ಲ. ಆ ಒಣ ಪಟ್ಟಿಯನ್ನೇ ಹಿಡಿದು ಈಗಿನವರು ದಾರಿಯನ್ನು ಮತ್ತೆ ಗುರುತಿಸಿದ್ದಾರೆ. 1994ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇದಕ್ಕೆ ಸಾಂಸ್ಕೃತಿಕ ಮಾರ್ಗದ ಮನ್ನಣೆ ಕೊಟ್ಟಿತು.

ಜನವರಿ 17, ಶನಿವಾರ

ಇಡೀ ದಾರಿ ನಮ್ಮಿಂದ ಆಗುವ ಮಾತಲ್ಲ. ಟಸ್ಕನಿಯ ಒಂದು ತುಂಡು, ಲುಕ್ಕಾದಿಂದ ಸಿಯೆನಾದವರೆಗೆ. ಈಗ ಚಾಲ್ತಿಯಲ್ಲಿರುವ ಹಂತಗಳನ್ನು ಬರೆದುಕೊಂಡೆ: ಲುಕ್ಕಾದಿಂದ ಆಲ್ಟೊಪಾಶೊ ಸುಮಾರು 18 ಕಿ.ಮೀ., ಅಲ್ಲಿಂದ ಸಾನ್ ಮಿನಿಯಾಟೊ 29, ಗಂಬಾಸ್ಸಿ 24, ಸಾನ್ ಜಿಮಿನ್ಯಾನೊ 13, ಮೊಂಟೆರಿಜ್ಜೋನಿ 31, ಸಿಯೆನಾ 21.

ಕಿಲೋಮೀಟರು ಎಲ್ಲವನ್ನೂ ಹೇಳುವುದಿಲ್ಲ. ಮೊದಲ 18 ಬಹುಪಾಲು ಡಾಂಬರು, ಮನೆಸಾಲು, ಗೋದಾಮು. ಅಷ್ಟು ದೂರ ರೈಲಿದೆ, ರೈಲಿನಲ್ಲೇ ಹೋಗುವುದು. ಪಕ್ಕಾ ಯಾತ್ರಿಕರು ಒಪ್ಪುವುದಿಲ್ಲವಂತೆ. ಒಪ್ಪದಿರಲಿ. ಗಂಬಾಸ್ಸಿಯ 24 ಮಾತ್ರ ಬೇರೆ ಥರದ್ದು: ಗುಡ್ಡದ ಬೆನ್ನಿನ ಮೇಲೆ ಬಿಳಿ ಮಣ್ಣಿನ ದಾರಿ, ನೆರಳು ಕಡಿಮೆ, ಅಂಗಡಿ ಇಲ್ಲವೆಂದೇ ತಿಳಿಯಬೇಕು. ನೀರು, ಬುತ್ತಿ ಬೆಳಿಗ್ಗೆಯೇ ಚೀಲದಲ್ಲಿರಬೇಕು. 31 ಕಿ.ಮೀ.ಯನ್ನು ಅತ್ತಿಗೆಯ ಮಂಡಿ ಒಂದೇ ದಿನದಲ್ಲಿ ಮುಗಿಸಲು ಬಿಡುವುದಿಲ್ಲ. ಸ್ವಲ್ಪ ಬಳಸಿದರೂ ಸರಿ, ಕೊಲ್ಲೆ ಡಿ ವಾಲ್ ದೆಲ್ಸಾದಲ್ಲಿ ಒಂದು ರಾತ್ರಿ. ಫ್ಲಾರೆನ್ಸಿನ ದೊಡ್ಡ ಚರ್ಚನ್ನು ಮೊದಲು ವಿನ್ಯಾಸ ಮಾಡಿದ ಆರ್ನೋಲ್ಫೊ ಡಿ ಕಾಂಬಿಯೊ ಆ ಊರಿನವನು.

ಎಲ್ಲಿ ನಡೆಯಬೇಕು ಎಂಬುದಕ್ಕಿಂತ ಎಲ್ಲಿ ಮಲಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿದರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ.

ಜನವರಿ 26, ಸೋಮವಾರ

ರಜೆ. ಅತ್ತಿಗೆ ಬಂದಿದ್ದರು. ನಕ್ಷೆಯನ್ನು ಮೇಜಿನ ಮೇಲೆ ಹರಡಿದ ಕೂಡಲೇ ಅವರ ಬೆರಳು ಫ್ಲಾರೆನ್ಸಿನ ಮೇಲೆ ನಿಂತಿತು.

“ಅಲ್ಲಮ್ಮಾ, ಅಷ್ಟು ದೂರ ಹೋಗಿ ಫ್ಲಾರೆನ್ಸ್ ನೋಡದೆ ಬಂದರೆ ನಾಲ್ಕು ಜನ ಏನಂತಾರೆ?”

“ರೈಲು ಬದಲಾಯಿಸೋದು ಅಲ್ಲೇ ಅತ್ತಿಗೆ. ಸ್ಟೇಷನ್ ನೋಡ್ತೀರಲ್ಲ.”

ನಗಲಿಲ್ಲ. ಆಮೇಲೆ ಕಾಫಿ ಕೊಟ್ಟು ವಿಷಯ ಹೇಳಿದೆ. ಸಿಗೆರಿಕ್‌ನ ದಾರಿಯಲ್ಲಿ ಫ್ಲಾರೆನ್ಸ್ ಬರುವುದೇ ಇಲ್ಲ. ಯಾತ್ರಿಕರು, ವ್ಯಾಪಾರಿಗಳು ಲುಕ್ಕಾ, ಸಿಯೆನಾ ಮೇಲೆ ಹೋಗುತ್ತಿದ್ದರು. ಸಿಯೆನಾ ಶ್ರೀಮಂತವಾದದ್ದರಲ್ಲಿ ಈ ದಾರಿಯ ಪಾಲು ದೊಡ್ಡದು. ಮುಂದೆ ಫ್ಲಾರೆನ್ಸಿನ ಕೈ ಮೇಲಾಯಿತು, ಓಡಾಟ ಅತ್ತ ತಿರುಗಿತು. ದಾರಿ ಕೈಬಿಟ್ಟ ಊರುಗಳಿಗೆ ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ಹಣ ಉಳಿಯಲಿಲ್ಲ. ಹಾಗಾಗಿಯೇ ಅವು ಇವತ್ತು ಹೀಗಿವೆ. ಒಂದೇ ದಿನಕ್ಕೆ ಫ್ಲಾರೆನ್ಸನ್ನು ತುರುಕಿದರೆ ಸಿಗುವುದು ಸರದಿ ಸಾಲು ಮಾತ್ರ ಎಂದೆ.

“ನಿನ್ನ ಪಾಠ ಶುರುವಾಯ್ತು” ಅಂದರು. ಒಪ್ಪಿದರು ಎಂದೇ ಅರ್ಥ.

ಫೆಬ್ರವರಿ 8, ಭಾನುವಾರ

ಒಂದೊಂದು ಊರಿನ ಬಗ್ಗೆ ಓದುತ್ತಿದ್ದೇನೆ. ಹೆಚ್ಚಿನವು ಕಾಲ್ನಡಿಗೆಯವರಿಂದ ಬೆಳೆದವು. ಆಲ್ಟೊಪಾಶೊದಲ್ಲಿ ನೋಡುವುದಕ್ಕೆ ಹೆಚ್ಚಿಲ್ಲ, ಆದರೆ ಅದನ್ನು ಬಿಡಲಾರೆ. ಸುತ್ತ ಜೌಗು, ಕಾಡು, ಕಳ್ಳರ ಕಾಟ; ಅಲ್ಲಿದ್ದ ಆಸ್ಪತ್ರೆಯ ಸಹೋದರರು ಮೇಲಂಗಿಯ ಮೇಲೆ ಗ್ರೀಕಿನ ‘ಟೌ’ ಅಕ್ಷರ ಧರಿಸಿ ದಾರಿಯವರಿಗೆ ಊಟ, ಹಾಸಿಗೆ ಕೊಡುತ್ತಿದ್ದರು. ಕತ್ತಲಾದ ಮೇಲೆ ದಾರಿ ತಪ್ಪಿದವರಿಗಾಗಿ ಗಂಟೆ ಹೊಡೆಯುತ್ತಿದ್ದರು. ಆ ಗಂಟೆಗೆ ‘ಸ್ಮರ್‍ರೀಟಾ’, ಅಂದರೆ ದಾರಿ ತಪ್ಪಿದವಳು, ಎಂದೇ ಹೆಸರು.

ಸಾನ್ ಜಿಮಿನ್ಯಾನೊದಲ್ಲಿ ಒಂದು ಕಾಲಕ್ಕೆ 72 ಗೋಪುರಗಳಿದ್ದವೆನ್ನುತ್ತಾರೆ, ಈಗ 14. ಕೇಸರಿ ಮಾರಿ ಹಣ ಮಾಡಿದ ಮನೆತನಗಳು ಪಕ್ಕದ ಮನೆಯವನಿಗಿಂತ ಒಂದು ಮೊಳ ಎತ್ತರ ಎಂದು ಕಟ್ಟಿಸಿದವು. 1348ರ ಪ್ಲೇಗಿನ ನಂತರ ಊರು ಏಳಲಿಲ್ಲ, ಫ್ಲಾರೆನ್ಸಿಗೆ ಶರಣಾಯಿತು. ಹಗಲಲ್ಲಿ ಬಸ್ಸುಗಟ್ಟಲೆ ಜನ. ಸಂಜೆ ಬಸ್ಸುಗಳು ಹೊರಟ ಮೇಲೆ ಊರು ಊರಾಗುತ್ತದೆ. ಗಂಬಾಸ್ಸಿಯಿಂದ ಬರಿ 13 ಕಿ.ಮೀ. ಎಂದು ಬೆಳಿಗ್ಗೆ ಬಂದು ಮಧ್ಯಾಹ್ನ ಮುಂದೆ ಹೋಗುವ ಯೋಚನೆ ಅಣ್ಣನ ಮಗನದು. ಅದನ್ನು ಹೊಡೆದುಹಾಕಿದೆ. ಅಲ್ಲೇ ರಾತ್ರಿ.

ಮೊಂಟೆರಿಜ್ಜೋನಿ ತಿರುಗುಮುರುಗು: ಅದು ಸಿಯೆನಾದವರು 1213ರಿಂದ ಫ್ಲಾರೆನ್ಸಿನ ವಿರುದ್ಧ ಕಟ್ಟಿದ ಕಾವಲು ಕೋಟೆ. ಡಾಂಟೆ ನರಕದ ದೈತ್ಯರನ್ನು ಹೋಲಿಸಿದ್ದು ಇದರ ಗೋಪುರಗಳಿಗೆ. ಸುತ್ತು ಅರ್ಧ ಕಿ.ಮೀ.ಗೆ ತುಸು ಹೆಚ್ಚು, ಒಂದು ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಅದಕ್ಕಿಂತ ಸ್ವಲ್ಪ ಈಚೆ, 1001ರಲ್ಲಿ ಆರಂಭವಾದ ಅಬ್ಬಾದಿಯಾ ಆ ಇಸೋಲಾ ಮಠದ ಬಳಿ ತಂಗುವುದು ಮೇಲು. ಸಿಗೆರಿಕ್ ಮಲಗಿದ ಜಾಗವೂ ಅದೇ, ಅವನ ಪಟ್ಟಿಯಲ್ಲಿ ‘ಬುರ್ಗೆನೊವೆ’.

ಫೆಬ್ರವರಿ 15, ಶಿವರಾತ್ರಿ

ಜಾಗರಣೆಯ ನೆಪದಲ್ಲಿ ಸಿಯೆನಾ. ನಡಿಗೆ ಮುಗಿದ ಮೇಲೆ ಇಲ್ಲಿ ಮೂರು ರಾತ್ರಿ ಇಟ್ಟಿದ್ದೇನೆ, ಕಡಿಮೆಯಾಯಿತೇನೋ ಅನ್ನಿಸುತ್ತಿದೆ.

ಮೊದಲ ದಿನ ಬೆಳಿಗ್ಗೆ ಪಲಾಟ್ಸೊ ಪುಬ್ಲಿಕೊ ಎಂಬ ಪುರಭವನ, ಬೇರೆ ಏನೂ ಬೇಡ. ಒಂಬತ್ತು ಜನರ ಆಡಳಿತ ಸಭೆ ಕೂರುತ್ತಿದ್ದ ಕೋಣೆಯ ಗೋಡೆಗಳ ಮೇಲೆ 1338–39ರಲ್ಲಿ ಆಂಬ್ರೋಜೊ ಲೊರೆಂಜೆಟ್ಟಿ ಒಳ್ಳೆಯ ಆಡಳಿತ, ಕೆಟ್ಟ ಆಡಳಿತದ ಚಿತ್ರ ಬರೆದ. ಒಳ್ಳೆಯ ಆಡಳಿತದ ಭಾಗದಲ್ಲಿ ನಗರದ ಬಾಗಿಲಿನಿಂದ ಒಂದು ದಾರಿ ಹೊಲಗಳ ಕಡೆಗೆ ಇಳಿಯುತ್ತದೆ. ಹೇಸರಗತ್ತೆಯ ಮೇಲೆ ಹೇರು ಬರುತ್ತಿದೆ, ಸಿರಿವಂತರು ಬೇಟೆಗೆ ಹೊರಟಿದ್ದಾರೆ, ಕೊಯ್ಲು ನಡೆದಿದೆ. ಮೇಲೆ ರೆಕ್ಕೆಯ ಹೆಣ್ಣು, ಭದ್ರತೆ, ತೇಲುತ್ತಿದ್ದಾಳೆ. ಒಂದು ಕೈಯಲ್ಲಿ ಎಲ್ಲರೂ ಭಯವಿಲ್ಲದೆ ಓಡಾಡಲಿ ಎಂಬ ಅರ್ಥದ ಬರಹ. ಇನ್ನೊಂದು ಕೈಯಲ್ಲಿ ಗಲ್ಲು, ಅದರಲ್ಲಿ ನೇತಾಡುವ ಹೆಣ. ಎದುರು ಗೋಡೆಯ ಕೆಟ್ಟ ಆಡಳಿತದಲ್ಲಿ ಹೊಲ ಬರಡು, ದಾರಿಯಲ್ಲಿ ಬರಿ ಆಯುಧ ಹಿಡಿದವರು. ಯಾವ ರಾಜ್ಯ ಚೆನ್ನಾಗಿದೆ ಎಂದು ತಿಳಿಯಲು ಅದರ ದಾರಿಯಲ್ಲಿ ಯಾರು ನಡೆಯುತ್ತಿದ್ದಾರೆ ನೋಡಿ ಎನ್ನುತ್ತಾನೆ ಆಂಬ್ರೋಜೊ. ರಾಜ್ಯಶಾಸ್ತ್ರದ ಎಷ್ಟೋ ಪಠ್ಯಗಳಿಗಿಂತ ಇದು ವಾಸಿ. ರೈಲಿನಲ್ಲಿ ಬಂದಿಳಿದವರಿಗಿಂತ ನಡೆದು ಬಂದವರಿಗೆ ಈ ಗೋಡೆ ಹೆಚ್ಚು ಹೇಳೀತು ಎಂಬ ನಂಬಿಕೆಯಿಂದಲೇ ಇದನ್ನು ಕೊನೆಗೆ ಇಟ್ಟಿದ್ದು.

ಅದೇ 1339ರಲ್ಲಿ, ಈಗಿರುವ ದೊಡ್ಡ ಚರ್ಚನ್ನು ಬರಿಯ ಒಂದು ಅಡ್ಡತೋಳಾಗಿಸುವಷ್ಟು ಭಾರಿ ಚರ್ಚು ಕಟ್ಟಲು ಸಿಯೆನಾದವರು ನಿರ್ಧರಿಸಿದರು. ಒಂಬತ್ತು ವರ್ಷಕ್ಕೆ ಪ್ಲೇಗು. ಆ ಹೊಸ ಚರ್ಚಿನ ಮುಗಿಯದ ಗೋಡೆ ಇಂದಿಗೂ ಒಂಟಿಯಾಗಿ ನಿಂತಿದೆ, ಹತ್ತಿ ನೋಡಬಹುದು. ಚರ್ಚಿನ ಎದುರಿಗೆ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ: ಯಾತ್ರಿಕರಿಗೆಂದು ಹುಟ್ಟಿ, ರೋಗಿಗಳನ್ನೂ ಅನಾಥ ಮಕ್ಕಳನ್ನೂ ಸಾಕಿ, ಮೊನ್ನೆಮೊನ್ನೆಯವರೆಗೆ ಆಸ್ಪತ್ರೆಯಾಗಿಯೇ ಇದ್ದು, ಈಗ ಮ್ಯೂಸಿಯಂ. ಲೇಖಕ ಇಟಾಲೊ ಕಾಲ್ವಿನೊ 1985ರಲ್ಲಿ ತೀರಿಕೊಂಡದ್ದು ಇಲ್ಲೇ. ಅದಕ್ಕೆ ಎರಡನೆಯ ದಿನ.

ಫೆಬ್ರವರಿ 22, ಭಾನುವಾರ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು, ನೀರು ತುಂಬಿದ ಚೀಲ ಬೆನ್ನಿಗೆ. ಅತ್ತಿಗೆ ಹತ್ತಿದರು, ಇಳಿಯುವಾಗ ಮಂಡಿ ಮಾತಾಡಿತು. ಹತ್ತುವುದು ಪರೀಕ್ಷೆಯೇ ಅಲ್ಲ. ನಿನ್ನೆ ನಡೆದ ಕಾಲಲ್ಲಿ ಇವತ್ತೂ ನಡೆಯುವುದು ಪರೀಕ್ಷೆ. ಇನ್ನು ಮೇಲೆ ಶನಿವಾರ, ಭಾನುವಾರ ಎರಡೂ ದಿನ, ಅದೇ ಶೂಗಳಲ್ಲಿ. ಮೇ ತಿಂಗಳೇ ಗಟ್ಟಿ. ಈಸ್ಟರ್, ಏಪ್ರಿಲ್ 25, ಮೇ 1ರ ರಜೆಗಳ ನೂಕುನುಗ್ಗಲು ಮುಗಿದಿರುತ್ತದೆ, ಜುಲೈ, ಆಗಸ್ಟಿನ ಸುಡುಬಿಸಿಲು ಶುರುವಾಗಿರುವುದಿಲ್ಲ. ಮಳೆ ಬಂದರೆ ಸಾನ್ ಜಿಮಿನ್ಯಾನೊ ದಾಟಿದ ಮೇಲಿನ ತೊರೆಗಳು ಉಬ್ಬುತ್ತವೆ. ಆ ದಿನ ಬಸ್ಸು.

ಊಟದ ಚಿಂತೆ ಅತ್ತಿಗೆಯದು. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ ಎಂದು ಕೇಳಿ ಚಟ್ನಿಪುಡಿ ಕಟ್ಟುವುದೆಂದು ತೀರ್ಮಾನಿಸಿದರು. ತುಪ್ಪ ಒಯ್ಯುವಂತಿಲ್ಲ, ಹಾಲಿನ ಪದಾರ್ಥವನ್ನು ಹೊರಗಿನಿಂದ ತರಲು ಯುರೋಪಿನಲ್ಲಿ ಬಿಡುವುದಿಲ್ಲ. ಕಡಲೆಹಿಟ್ಟಿನ ಚೆಚೀನಾ, ಬೆಳ್ಳುಳ್ಳಿ ಟೊಮೆಟೊ ಹಾಕಿದ ಪೀಚಿ, ಹುರುಳಿಕಾಯಿ ಬೀಜ ಮತ್ತು ಸೊಪ್ಪಿನ ರಿಬೊಲ್ಲೀಟಾ ನಮಗೆ ಒಗ್ಗುತ್ತವೆ. ರಿಬೊಲ್ಲೀಟಾದಲ್ಲಿ ಮಾಂಸದ ತುಂಡು, ಸಾರು ಸೇರಿದೆಯೇ ಎಂದು ಕೇಳಿಯೇ ಹೇಳಬೇಕು. ಆ ಒಂದು ವಾಕ್ಯದ ಇಟಾಲಿಯನ್ ಬಾಯಿಪಾಠವಾಗಿದೆ.

ಮಾರ್ಚ್ 12, ಗುರುವಾರ

ಬೆಂಗಳೂರಿನಲ್ಲಿ ವೀಸಾ ಅರ್ಜಿ ಕೊಟ್ಟು ಬಂದೆವು. ವಿಮಾನ ಇಳಿಯುವುದು ಜರ್ಮನಿಯಲ್ಲಾದರೂ ಹೆಚ್ಚು ರಾತ್ರಿ ಇಟಲಿಯಲ್ಲಿ. ಆದ್ದರಿಂದ ಅರ್ಜಿ ಇಟಲಿಗೆ. ಶುಲ್ಕ 90 ಯುರೋ, ಅದರ ಮೇಲೆ ಕೇಂದ್ರದ ಸೇವಾ ಶುಲ್ಕ. ವಿಮೆ ಕನಿಷ್ಠ 30,000 ಯುರೋಗಳದ್ದು. ಎಲ್ಲಕ್ಕಿಂತ ಕಷ್ಟವಾದದ್ದು ಪ್ರತಿ ರಾತ್ರಿಗೂ ಕಾಯ್ದಿರಿಸಿದ ಕೋಣೆಯ ಚೀಟಿ. ಚರ್ಚಿನವರು ನಡೆಸುವ ಅನೇಕ ಛತ್ರಗಳಲ್ಲಿ ಒಂದೆರಡು ದಿನ ಮುಂಚೆ ಫೋನ್ ಮಾಡಿದರೆ ಹಾಸಿಗೆ ಸಿಗುತ್ತದೆ, ಯಾತ್ರಿಕರ ಗುರುತಿನ ಪುಸ್ತಕಕ್ಕೆ ಮುದ್ರೆಯೂ ಬೀಳುತ್ತದೆ. ಆದರೆ ಮಾರ್ಚಿನಲ್ಲೇ ಚೀಟಿ ಕೊಡಿ ಎಂದರೆ ಕೊಡುವುದಿಲ್ಲ. ಹಾಗಾಗಿ ರದ್ದು ಮಾಡಿದರೆ ಹಣ ವಾಪಸು ಬರುವ ತೋಟದ ಮನೆಗಳನ್ನೇ ಹಿಡಿದೆವು. ದುಬಾರಿ. ಭಾರತದ ಪಾಸ್‌ಪೋರ್ಟ್ ಹಿಡಿದು ನಡೆಯುವವರು ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಕೌಂಟರಿನ ಹುಡುಗಿ ದಿನವಾರು ಪಟ್ಟಿ ಓದಿ ಕೇಳಿದಳು: “ಮೇಡಂ, ಇಷ್ಟೊಂದು ಚಿಕ್ಕ ಊರು? ಫ್ಲಾರೆನ್ಸ್ ಇಲ್ವಾ?”

ಅತ್ತಿಗೆಯೇ ಉತ್ತರ ಕೊಟ್ಟರು: “ಅದು ದಾರೀಲಿ ಬರಲ್ಲಮ್ಮ.”

ಸಿಯೆನಾದ ದಕ್ಷಿಣಕ್ಕೆ ರಾಡಿಕೋಫಾನಿಯವರೆಗೆ ಹೋಗುವ ಆಸೆ ನನಗಿತ್ತು. ಸಾನ್ ಕ್ವಿರಿಕೊದಿಂದ ಒಂದೇ ದಿನದಲ್ಲಿ 32 ಕಿ.ಮೀ., ಕೊನೆಯ ಭಾಗ ಪೂರ್ತಿ ಏರು. ಅದನ್ನು ಬಿಟ್ಟಿದ್ದೇವೆ. ಬದಲಿಗೆ ಬಸ್ಸಿನಲ್ಲಿ ಸಾನ್ ಕ್ವಿರಿಕೊ, ಅಲ್ಲಿಂದ ಸುಮಾರು ಐದು ಕಿ.ಮೀ. ನಡೆದು, ಊರ ಚೌಕದಲ್ಲೇ ಬಿಸಿನೀರಿನ ಕೊಳವಿರುವ ಬಾನ್ಯೊ ವಿನ್ಯೋನಿ. ವಿಮಾನದ ಟಿಕೆಟ್ಟು ಮೇ 3ಕ್ಕೆ ಕಾಯ್ದಿರಿಸಿದ್ದು ಮಾತ್ರ; ವೀಸಾ ಕೈಗೆ ಬಂದ ಮೇಲೆ ಹಣ ಕಟ್ಟುವುದು.